ನಾಕೂ ಇಂಜಿನ್‌ಗೆ ಸೌಂಡ್ ಡಿಕೋಡರ್ ಹಾಕಸ್ಲೋ, ಒಂದಕ್ಕ ಸಾಕೋ?

ವಾಡಿ ಕ್ವಾರ್ಟರ್ಸ್:
ನಮಸ್ಕಾರ್ರಿ. ನಾ ಕಲಬುರಗಿಯಾಕಿ. ಮ್ಯಾಲಿನ ಕೋಣ್ಯಾಗ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮ್ಯಾಲ ಎಚ್‌ಓ ಅಳತಿಯ ಮಾಡೆಲ್ ರೈಲಿನ ಹಳಿ ಹಾಕೀನಿ. 12 ವೋಲ್ಟಿನ ಸಾದಾ ಡಿಸಿ ಕಂಟ್ರೋಲರ್ ಅದ, ಇಂಜಿನ್ ನಾಕು ಅವ. ಎರಡು ಇಂಜಿನ್ ಹಳಿ ಮ್ಯಾಲ ಇಟ್ರ ಎರಡೂ ಕೂಡೇ ಓಡ್ತಾವ. ಒಂದನ್ನ ಲೂಪಿನಾಗ ನಿಲ್ಲಸಬೇಕಂದ್ರ ಆ ತುಂಡಿಗೆ ಸ್ವಿಚ್ ಹಾಕಿ ಕರೆಂಟ್ ಕಡೀಬೇಕು. ಅದಕ್ಕ ಡಿಸಿಸಿ ಬಗ್ಗೆ ವಿಚಾರ ಮಾಡಾಕತ್ತೀನಿ, ಅಂದ್ರ ಒಂದೊಂದು ಇಂಜಿನ್‌ಗೂ ಬ್ಯಾರೆ ಬ್ಯಾರೆ ಹುಕುಂ ಕಳಸೋ ಡಿಜಿಟಲ್ ಕಂಟ್ರೋಲ್; ಇಂಜಿನ್ನಿನಾಗ ಕೂಡಿಸೋ ಡಿಕೋಡರ್ ಅನ್ನೋ ಸಣ್ಣ ಸರ್ಕ್ಯೂಟ್ ಆ ಹುಕುಂ ಓದ್ತದ.

ಆದ್ರ ಖರೇ ಆಸೆ ಸದ್ದಿಂದು. ನಮ್ಮಪ್ಪ ವಾಡಿಯಿಂದ ಡಬ್ಲ್ಯೂಡಿಎಂ-2 ಡೀಸೆಲ್ ಇಂಜಿನ್ ಮ್ಯಾಲ ಗೂಡ್ಸ್ ನಡಸ್ತಿದ್ರು. ಸಣ್ಣಾಕಿ ಇದ್ದಾಗ ಕ್ವಾರ್ಟರ್ಸಿನಾಗ ಮಲಗಿದ್ರ ಯಾರ್ಡಿನಾಗ ನಿಂತ ಇಂಜಿನ್ ರಾತ್ರಿಯೆಲ್ಲಾ ಧಗ್ ಧಗ್ ಅಂತಿತ್ತು. ಅಪ್ಪಗ ಈಗ 74. ನನ್ನ ಮಾಡೆಲ್ ನೋಡಿ, "ಛಲೋ ಅದವ್ವಾ, ಬಾಯಿ ಒಂದು ಇಲ್ಲ" ಅಂತಾರ. ಸೌಂಡ್ ಡಿಕೋಡರ್ ಒಂದಕ್ಕ ಹತ್ತು ಸಾವಿರದ ಮ್ಯಾಲ ಕೇಳ್ಯಾರ. ನಾಕಕ್ಕೂ ಅಂದ್ರ ನನ್ನ ಒಂದು ತಿಂಗಳ ಪಗಾರ. ಏನ್ ಮಾಡ್ಲಿ?

ಬೀದರ್ ಕೋಟಿ:
ಅಕ್ಕಾ, ಆರ್ಡರ್ ಮಾಡೂ ಮೊದಲ ಮೀಟರ್ ಹಿಡೀರಿ. 12 ವೋಲ್ಟ್ ಕೊಟ್ಟು ಇಂಜಿನ್ ಗಟ್ಟಿಯಾಗಿ ಹಿಡದು ಮೋಟರ್ ನಿಲ್ಲಿಸ್ರಿ, ಒಂದೇ ಸೆಕೆಂಡ್, ಎಷ್ಟು ಆಂಪಿಯರ್ ಎಳೀತದ ನೋಡ್ರಿ. ಎಚ್‌ಓ ಡಿಕೋಡರ್ ಸಾಮಾನ್ಯವಾಗಿ 1 ಆಂಪಿಯರ್ ಆಸುಪಾಸು ತಡೀತಾವ. ಇನ್ನೊಂದು, ಹಳೇ ಇಂಜಿನ್ನಿನಾಗ ಮೋಟರಿನ ಒಂದು ಬ್ರಷ್ ಲೋಹದ ಚಾಸಿಗೆ ತಾಗಿರ್ತದ. ಡಿಕೋಡರಿನ ಕಿತ್ತಳಿ ಮತ್ತ ಬೂದು ವೈರ್ ಮೋಟರಿಗೆ ಮಾತ್ರ ಹೋಗಬೇಕು, ಕೆಂಪು ಕರಿ ಹಳಿಗೆ. ಬ್ರಷ್ ಬಿಡಿಸದೇ ಹಾಕಿದ್ರ ಕರೆಂಟ್ ಕೊಟ್ಟ ಕ್ಷಣಕ್ಕ ಡಿಕೋಡರ್ ಸುಡ್ತದ. ನಂದು ಹಂಗೇ ಒಂದು ಹೋಗ್ಯದ, ಇವತ್ತಿಗೂ ಹೊಟ್ಟಿ ಉರೀತದ.

ಕಂಟ್ರೋಲಿಗೆ ಭಾಳ ರೊಕ್ಕ ಹಾಕಬ್ಯಾಡ್ರಿ. ಹೈದರಾಬಾದಿನ ಕೋಠಿ ಗುಜರಾತಿ ಗಲ್ಲಿಯಾಗ ಆರ್ಡ್ವಿನೋ ಮೆಗಾ ಬೋರ್ಡ್, ಅದರ ಮ್ಯಾಲ ಕೂಡಿಸೋ ಮೋಟರ್ ಶೀಲ್ಡ್ ತಗೊಂಡು ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್ ಹಾಕ್ರಿ, ಅದು ಪುಕ್ಕಟೆ. ವೈಫೈ ಕೂಡಿಸಿದ್ರ ಫೋನಿಂದೇ ನಡಸ್ಬಹುದು.

ಯಾದಗಿರಿ ಪ್ಯಾಸೆಂಜರ್:
ನಾ ಡಿಸಿ ಬಿಡಲ್ರಿ. ನಮ್ ಕಡಿ ಧೂಳಾಗ ಹಳಿ ನಾಕು ದಿನ ಒರಸ್ಲಿಲ್ಲಂದ್ರ ಸಾದಾ ಇಂಜಿನ್ ಬರೇ ಜರ್ಕ್ ಹೊಡೀತದ, ಸೌಂಡ್ ಇಂಜಿನ್ ಸದ್ದು ಕಡದು ಮತ್ತ ಸ್ಟಾರ್ಟ್ ಆಗ್ತದ. ಅದು ಕೇಳಾಕ ಆಗಲ್ಲ. ಹಾಕಿಸೋದೇ ಇದ್ರ ಕರೆಂಟ್ ಕ್ಷಣ ಕಡದ್ರೂ ನಡಸೋ ಕೀಪ್ ಅಲೈವ್ ಕೆಪ್ಯಾಸಿಟರ್ ಕೂಡೇ ಹಾಕಸ್ರಿ. ಸ್ಪೀಕರಿನ ಡಬ್ಬಿಗೆ ಸಂದಿ ಇರಬಾರ್ದು, ಸಂದಿ ಇದ್ರ ಸದ್ದು ತೆಳ್ಳಗ ಬರ್ತದ. ಎಷ್ಟು ಮಾಡಿದ್ರೂ 15 ಮಿಲಿಮೀಟರಿನ ಸ್ಪೀಕರಿನಾಗ 16 ಸಿಲಿಂಡರಿನ ಅಲ್ಕೋ ಡೀಸೆಲ್ ಇಂಜಿನ್ನಿನ ಎದಿ ನಡುಗಸೋ ಸದ್ದು ಬರಲ್ಲ. ಅಪ್ಪಾವ್ರಿಗೆ ಮೊದಲೇ ಹೇಳಿ ಇಡ್ರಿ.

ವಾಡಿ ಕ್ವಾರ್ಟರ್ಸ್:
ಇಬ್ಬರಿಗೂ ಶರಣ್ರೀ. ನಿನ್ನೆ ನಾಕೂ ಅಳದೆ. ಎರಡು 0.6 ಆಂಪಿಯರ್, ಒಂದು 0.8. ಎಲ್ಲಕಿಂತ ಹಳೇದು 1.9 ಎಳೀತು, ಬ್ರಷ್ಷೂ ಚಾಸಿಗೇ ತಾಗ್ಯದ. ಅದನ್ನ ಮುಟ್ಟಲ್ಲ, ಕಪಾಟಿನಾಗ ಇಡ್ತೀನಿ. ಎರಡಕ್ಕ ಸೌಂಡ್ ಇಲ್ಲದ ಸಸ್ತಾ ಡಿಕೋಡರ್. ಕೆಂಪು ಬಣ್ಣ ಹಚ್ಚಿದ್ದಕ್ಕ ಮಾತ್ರ ಅಲ್ಕೋ 251 ಸದ್ದು ಹಾಕ್ತೀನಿ, ಡಬ್ಲ್ಯೂಡಿಎಂ-2ದಾಗ ಇದ್ದದ್ದೂ ಅದೇ ಇಂಜಿನ್.

ಅಪ್ಪಗ ಕೇಳ್ದೆ, ಸದ್ದು ಹ್ಯಾಂಗ ಇರಬೇಕಂತ. ಅವ್ರು ಅಂದ್ರು, "ಥ್ರಾಟಲಿನ ನಾಚ್ ಎಳದ ಕೂಡ್ಲೇ ಗಾಡಿ ಹೊಂಡ್ತಿದ್ದಿಲ್ಲ. ಮೊದಲು ಇಂಜಿನ್ ಒದರ್ತಿತ್ತು, ಕರಿ ಹೊಗಿ ಬರ್ತಿತ್ತು, ಆಮ್ಯಾಲ ಡಬ್ಬಿ ಒಂದೊಂದೇ ಜಗ್ಗಿಕೊಂಡು ಏಳ್ತಿದ್ದವು." ಅಂದ್ರ ಸಿವಿ 3 (ವೇಗ ಎಷ್ಟು ನಿಧಾನ ಏರಬೇಕನ್ನೋ ಡಿಕೋಡರಿನ ಸೆಟ್ಟಿಂಗ್) ಜಾಸ್ತಿ ಇಡಬೇಕು, ಸದ್ದು ಮುಂದ, ಓಟ ಹಿಂದ. ಬೀದರಿನವ್ರೇ, ಎಷ್ಟರಿಂದ ಶುರು ಮಾಡ್ಲಿ? ಸ್ಪೀಕರಿಗೆ ಜಾಗ ಬೇಕಂತ ಒಳಗಿನ ತೂಕದ ತುಂಡೂ ಕಡೀಬೇಕಾಗ್ಯದ. ಎಷ್ಟು ಕಡದ್ರ 8 ಡಬ್ಬಿ ಎಳಿಯೂ ಶಕ್ತಿ ಉಳೀತದ?

ಬೀದರ್ ಕೋಟಿ:
ಸಿವಿ 3ಕ್ಕ 20 ಇಟ್ಟು ನೋಡ್ರಿ, ಅಪ್ಪಾವ್ರನ್ನ ಬಾಜೂಕ ಕುಂದರಿಸ್ಕೊಂಡು ಏರಸ್ರಿ. ತೂಕ ಈಗಲೇ ಕಡೀಬ್ಯಾಡ್ರಿ, ಒಳಗಿನ ಫೋಟೋ ಹಾಕ್ರಿ. ಡೀಸೆಲ್ ಟ್ಯಾಂಕಿನಾಗ ಜಾಗ ಇರಬಹುದು.