ಸಮಸ್ಯೆ: ಬೆಳ್ಳಿ ಗುಂಡಿಗೆ ಬಿದ್ದ ಕಳ್ಳನು ಬಾನ ದಾಟಿದನು

ಚಿಕ್ಕಣ್ಣ: ಈ ವಾರ ಬಲ್ಗೇರಿಯಾಕ್ಕೆ ಹೋಗೋಣ. ರೊಡೋಪಿ ಬೆಟ್ಟದ ದೆಲ್ಯೊ, ಆಟೊಮನ್ ತುರ್ಕರ ಕಾಲದ ಬಂಡುಕೋರ. ಮಾಮೂಲಿ ಗುಂಡಿಗೆ ಸಾಯದವನು, ಬೆಳ್ಳಿ ಗುಂಡೇ ಬೇಕಾಯಿತಂತೆ. ವಾಲ್ಯಾ ಬಾಲ್ಕಾನ್ಸ್ಕಾ ಹಾಡಿದ ಅವನ ಹಾಡು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನ ಲೇಪಿಸಿದ ಧ್ವನಿಮುದ್ರಿಕೆ ಬಿಲ್ಲೆಯನ್ನು ಹತ್ತಿ ಹೋಯಿತು. ಸಮಸ್ಯೆಯ ಸಾಲು ಪದ್ಯದ ಕೊನೆಗೆ ಬರಬೇಕು, ಉಳಿದ ಐದು ಸಾಲು ನಿಮ್ಮದು.

ರಾಯರು:
ಹಳ್ಳಿಯಲಿ ನನ್ನತ್ತೆಯಿರ್ವರ
ತಳ್ಳದಿರಿ ಪರಮತಕೆ ನೀವೆಂ
ದೊಳ್ಳೆ ಮಾತಲಿ ಹೇಳಿ ದೆಲ್ಯೊನು ಬೆಟ್ಟವೇರಿದನು |
ಕೊಳ್ಳದಲಿ ಬಿದ್ದಿರಲು ಹಾಡೊಂ
ದೆಳ್ಳಿನಷ್ಟೂ ಸವೆಯದುಳಿಯಲು
ಬೆಳ್ಳಿ ಗುಂಡಿಗೆ ಬಿದ್ದ ಕಳ್ಳನು ಬಾನ ದಾಟಿದನು ||

ಶಾರದಾ: ಎಳ್ಳು ಚೆನ್ನಾಗಿದೆ. ಆದರೆ ಮೂರನೇ ಸಾಲು ಕುಂಟುತ್ತಿದೆ ರಾಯರೇ. ದೆಲ್ಯೊ ಅಂತ ನಾವು ಒತ್ತು ಕೊಟ್ಟು ಬರೆಯುತ್ತೇವೆ ಅಷ್ಟೆ, ಅವರ ಬಾಯಲ್ಲಿ ಅದು ಒಂದೇ ಮೆತ್ತನೆಯ ಲಕಾರ. ದೆ ಲಘು, ಒಂದೇ ಮಾತ್ರೆ.

ರಾಯರು: ಕನ್ನಡದಲ್ಲಿ ಬರೆದ ಮೇಲೆ ಕನ್ನಡದ ಲೆಕ್ಕ ತಾಯಿ. ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ.

ಶಾರದಾ: ಹೋದ ಯುಗಾದಿಗೆ ನಿಮ್ಮ ಪದ್ಯ ಎಡವಿದಾಗ ಶಿಥಿಲದ್ವಿತ್ವ, ಒತ್ತನ್ನು ತೇಲಿಸಿ ಹೇಳಿದರೆ ಹಿಂದಿನ ಅಕ್ಷರ ಲಘುವೇ ಅಂತ ಜಾರಿಕೊಂಡವರು, ಕಿವಿಗೆ ಕೇಳಿದ್ದೇ ಛಂದಸ್ಸು ಅಂತ ನನಗೇ ಪಾಠ ಹೇಳಿದವರು ನೀವೇ ಅಲ್ವಾ? ಈಗ ಕಿವಿ ಎಲ್ಲಿ ಹೋಯಿತು?

ಕಿಟ್ಟಿ: ಹಾಡಿದ ಆ ಬಾಲ್ಕಾನ್ಸ್ಕಾ ಅಮ್ಮ ಎಳೆಯುವ ಒಂದು ಸ್ವರದಲ್ಲಿ ನಿಮ್ಮಿಬ್ಬರ ಷಟ್ಪದಿಯೂ ಮುಗಿದುಹೋಗುತ್ತದೆ. ಸುಮ್ನೆ ಜಗಳ.

ಮೇಷ್ಟ್ರು: ಮಾತ್ರೆ ಬಿಡಿ, "ಒಳ್ಳೆ ಮಾತು" ಎಲ್ಲಿಂದ ಬಂತು? ಹಾಡಿನಲ್ಲಿ ಅವನು ಗದರಿಸುತ್ತಾನೆ. ನಾನು ಊರಿಗೆ ಇಳಿದರೆ ತಾಯಂದಿರು ಅಳುತ್ತಾರೆ, ಅವರಿಗಿಂತ ಜಾಸ್ತಿ ಹೊಸ ಮದುವೆಯಾದ ಹೆಣ್ಣುಮಕ್ಕಳು ಅಳುತ್ತಾರೆ ಅಂತ. ಪ್ರಾಸ ಹುಡುಕುತ್ತಾ ಹುಲಿಯನ್ನು ಹಸು ಮಾಡಿದಿರಿ. "ಪರಮತಕೆಯೆನ್ನುತ / ದಳ್ಳುರಿಯ ನುಡಿಯಾಡಿ" ಅನ್ನಿ. ಚಿಕ್ಕಣ್ಣನ "ಕಳ್ಳ" ಕೂಡ ಇದೇ ಕತೆ. ಹೈದುತ್ ಅಂದರೆ ತುರ್ಕರಿಗೆ ದರೋಡೆಕೋರ, ಊರವರಿಗೆ ಬಂಟ.

ಚಿಕ್ಕಣ್ಣ: ಅದಕ್ಕೇ ಸಮಸ್ಯೆ ಅನ್ನೋದು ಮೇಷ್ಟ್ರೇ.

ರಾಯರು: ದಳ್ಳುರಿ ಒಪ್ಪಿದೆ. ದೆ ಗುರುವೇ.

ಕಿಟ್ಟಿ: ನಂದೂ ಒಂದು. ಅದೇ ಬಿಲ್ಲೆಯಲ್ಲಿ 55 ಭಾಷೆಗಳ ನಮಸ್ಕಾರ ಇದೆ, ಕನ್ನಡದ್ದೂ ಸೇರಿ.

ತೆಳ್ಳನೆಯ ಚಿನ್ನವನು ಪೂಸಿದ
ಹೊಳ್ಳಿ ಬಾರದ ಬಿಲ್ಲೆಯೊಳಗೀ
ಕಳ್ಳ ಕನ್ನಡ ನುಡಿಗೆ ನೆರೆಮನೆಯಾಗಿ ಕೂತಿಹನು |
ಗುಳ್ಳೆಯಂದದ ತೊಗಲ ಚೀಲವ
ತಳ್ಳಿ ನುಡಿಸಲು ಹಾಡನೇರುತ
ಬೆಳ್ಳಿ ಗುಂಡಿಗೆ ಬಿದ್ದ ಕಳ್ಳನು ಬಾನ ದಾಟಿದನು ||

ಚಿಕ್ಕಣ್ಣ: ಭೇಷ್.

ಮೇಷ್ಟ್ರು: "ಹೊಳ್ಳಿ" ಬಂತಲ್ಲ, ಧಾರವಾಡದ ಕಡೆಯವರೇನಪ್ಪಾ?

ಕಿಟ್ಟಿ: ಅಜ್ಜಿ ಹುಬ್ಬಳ್ಳಿ. ಚೀಲ ಮಾತ್ರ ಬಲ್ಗೇರಿಯಾದವರದೇ, ಕಾಬಾ ಗೈದಾ ಅನ್ನೋ ತೊಗಲಿನ ಚೀಲವಾದ್ಯ. ಕಂಕುಳಲ್ಲಿ ಒತ್ತಿ ನುಡಿಸುತ್ತಾರೆ.

ರಾಯರು: ಶಾರದಾ, ಹಾಡನ್ನು ಈಗಷ್ಟೇ ನಾಲ್ಕು ಸಲ ಕೇಳಿದೆ. ಗುರು.

ಶಾರದಾ: ಐದನೇ ಸಲ ಕೇಳಿ.