ಇ-ಪುಸ್ತಕ: ಎರವಲು ತರೋದಾ, ಕೊಳ್ಳೋದಾ? ಗ್ರಂಥಪಾಲಕಿಗೆ ಕೇಳಿ (ಮುಂಬಯಿ–ಪುಣೆ–ಗೋವಾ ಕನ್ನಡ ಓದುಗರ ಬಳಗ)

ಡೊಂಬಿವಲಿ: ನಮಸ್ಕಾರ ಮೇಡಂ. ಲೋಕಲ್‌ನಲ್ಲಿ ಹೋಗಿಬರುವಾಗ ತಿಂಗಳಿಗೆ ಎರಡು ಪುಸ್ತಕ ಮುಗಿಯುತ್ತೆ. ಒಂದು ಇಂಗ್ಲಿಷು, ಒಂದು ಕನ್ನಡ. 300 ರೂಪಾಯಿ ದಾಟಬಾರದು. ಅಮೆಜಾನ್‌ನ ಇ-ಪುಸ್ತಕ ಎರವಲು ಯೋಜನೆಯಾದ ಕಿಂಡಲ್ ಅನ್‌ಲಿಮಿಟೆಡ್ ಚಂದಾ ಕಟ್ಟಲೋ, ಒಂದೊಂದೇ ಕೊಳ್ಳಲೋ?

ಗ್ರಂಥಪಾಲಕಿ: ಮುಂದೆ ಓದಬೇಕೆಂದಿರುವ ಆರು ಪುಸ್ತಕಗಳ ಹೆಸರು ಬರೆದುಕೊಂಡು, ಒಂದೊಂದನ್ನೂ ಹುಡುಕಿ ಅನ್‌ಲಿಮಿಟೆಡ್ ಗುರುತು ಇದೆಯಾ ನೋಡಿ. ದೊಡ್ಡ ಪ್ರಕಾಶಕರ ಹೊಸ ಪುಸ್ತಕಗಳು ಹೆಚ್ಚಾಗಿ ಅದರಲ್ಲಿ ಇರಲ್ಲ. ನಾಲ್ಕಾದರೂ ಸಿಕ್ಕರೆ ಚಂದಾ ಕಟ್ಟಿ. ಒಟ್ಟಿಗೆ 20 ಪುಸ್ತಕ ಇಟ್ಟುಕೊಳ್ಳಬಹುದು, ಆದರೆ ಚಂದಾ ಮುಗಿದರೆ ಎಲ್ಲವೂ ವಾಪಸ್ ಹೋಗುತ್ತೆ. ಒಮ್ಮೆ ಓದಿ ಬಿಡುವ ಕಾದಂಬರಿಗೆ ಎರವಲೇ ಸಾಕು. ಕವನ, ನಿಘಂಟು, ಪರೀಕ್ಷೆಯ ಪುಸ್ತಕ ಮತ್ತೆ ಮತ್ತೆ ಬೇಕಾಗುತ್ತೆ, ಅವನ್ನು ಕೊಳ್ಳಿ.

ಕನ್ನಡದ ಲೆಕ್ಕ ಬೇರೆ. 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿದವು, ಕನ್ನಡ ಸೇರಲಿಲ್ಲ. ಕನ್ನಡಕ್ಕೆ ಮೈಲ್ಯಾಂಗ್ ಅನ್ನೋ ಕನ್ನಡ ಇ-ಪುಸ್ತಕ ಆ್ಯಪ್ ಅಥವಾ ಗೂಗಲ್ ಪ್ಲೇ ಬುಕ್ಸ್ ನೋಡಿ.

ಮಡಗಾಂವ್: ಪಣಜಿಯ ಕೃಷ್ಣದಾಸ ಶಾಮಾ ಗ್ರಂಥಾಲಯದ ಸದಸ್ಯರಿಗೆ ಕನ್ನಡ ಇ-ಪುಸ್ತಕ ಎರವಲು ಸಿಗುತ್ತಾ?

ವಾಶಿ: ಕಿಂಡಲ್‌ನಲ್ಲಿ ಕನ್ನಡ ಪುಸ್ತಕ ಸಿಗುತ್ತಾ ಮೇಡಂ?

ಗ್ರಂಥಪಾಲಕಿ: ಮೇಲೆ ಹೇಳಿದ್ದೇನೆ.

ಕೊಥ್ರೂಡ್: ಮೇಡಂ, ಅಪ್ಪಾರಿಗೆ 78. ಪೊರೆ ಆಪರೇಷನ್ ಆಗೇದ, ಆದ್ರೂ ಸಣ್ಣ ಅಕ್ಷರ ಕಾಣಂಗಿಲ್ಲ. ಆರು ಇಂಚಿನ ಕಿಂಡಲ್ ತಂದು, ಆರ್ಕೈವ್ ಡಾಟ್ ಆರ್ಗ್‌ನಿಂದ ಹಳೇ ಕಾದಂಬರಿ ಪಿಡಿಎಫ್ ಹಾಕಿ ಕೊಟ್ಟೀವಿ. ಅಕ್ಷರ ದೊಡ್ಡದು ಮಾಡಿದ್ರ ಸಾಲು ಪರದೆ ಹೊರಗ ಹೋಗ್ತದ. ಇಪಬ್ (ಸಾಲು ತಾನಾಗಿ ಹೊಂದಿಕೊಳ್ಳೂ ಇ-ಪುಸ್ತಕದ ಕಡತ) ಇಳಿಸಿದ್ರ ಎಲ್ಲಾ ಕಲಸುಮೇಲೋಗರ. ಇನ್ನೂ ದೊಡ್ಡ ಕಿಂಡಲ್ ತಗೊಳ್ಳೂದೇನ್ರಿ?

ಗ್ರಂಥಪಾಲಕಿ: ದಯವಿಟ್ಟು ಈಗಲೇ ಏನೂ ಕೊಳ್ಳಬೇಡಿ. ತೊಂದರೆ ಇರೋದು ಕಡತದಲ್ಲಿ. ಆ ಪಿಡಿಎಫ್ ಅಂದರೆ ಪುಟಗಳ ಫೋಟೋ. ಡೆಮಿ 1/8 (ಸಾಮಾನ್ಯ ಕಾದಂಬರಿಯ ಅಳತೆ) ಪುಸ್ತಕದ ಪುಟ ಐದೂವರೆ ಇಂಚು ಅಗಲ, ನಿಮ್ಮ ಪರದೆ ಸುಮಾರು 3.6 ಇಂಚು. 12 ಪಾಯಿಂಟ್ ಅಕ್ಷರ ಅಲ್ಲಿ 8 ಪಾಯಿಂಟ್ ಆಗಿಬಿಡುತ್ತೆ. ಆರೋಗ್ಯವಾದ ಕಣ್ಣಿಗೂ ಅದು ಹಿಂಸೆ.

ಪುಟದ ಸುತ್ತಲಿನ ಖಾಲಿ ಅಂಚು ಕತ್ತರಿಸಿದರೆ ಅಚ್ಚಿನ ಭಾಗ ಸುಮಾರು ನಾಲ್ಕೂಕಾಲು ಇಂಚು ಉಳಿಯುತ್ತೆ. ಕಿಂಡಲನ್ನು ಅಡ್ಡ ಹಿಡಿದರೆ ಪರದೆ 4.8 ಇಂಚು, ಅಂದರೆ ಅಕ್ಷರ ಮೂಲಕ್ಕಿಂತ ತುಸು ದೊಡ್ಡದೇ ಕಾಣುತ್ತೆ. ಕೆ2ಪಿಡಿಎಫ್‌ಆಪ್ಟ್ ಅನ್ನೋ ಉಚಿತ ತಂತ್ರಾಂಶ ಕಂಪ್ಯೂಟರಿಗೆ ಹಾಕಿಕೊಳ್ಳಿ. ಅದು ಫೋಟೋವನ್ನೇ ಪದಗಳ ನಡುವೆ ಕತ್ತರಿಸಿ ಹೊಸದಾಗಿ ಸಾಲು ಜೋಡಿಸುತ್ತೆ, ಭಾಷೆ ಯಾವುದಾದರೂ ಆದೀತು. ಮೊದಲು ಹತ್ತೇ ಪುಟ ಮಾಡಿ, ಒತ್ತಕ್ಷರ ಕೆಳಗಿನ ಸಾಲಿಗೆ ಜಾರಿದೆಯಾ ಪರೀಕ್ಷಿಸಿ. ಜಾರಿದ್ದರೆ ಪದ ಜೋಡಿಸೋದನ್ನು ಬಿಟ್ಟು ಅಂಚು ಮಾತ್ರ ಕತ್ತರಿಸಿ.

ಆರ್ಕೈವ್‌ನ ಇಪಬ್ ಬೇಡ. ಅದು ಯಂತ್ರ ತಾನಾಗಿ ಅಕ್ಷರ ಗುರುತಿಸಿ ಮಾಡಿದ್ದು, ಹಳೇ ಮೊಳೆ ಅಚ್ಚಿನ ಒತ್ತಕ್ಷರದಲ್ಲಿ ಎಡವುತ್ತೆ.

ಇಷ್ಟಾದರೂ ಕಷ್ಟವಾದರೆ ಮನೆಯಲ್ಲಿರುವ 10 ಇಂಚಿನ ಟ್ಯಾಬ್ ಅಡ್ಡ ಹಿಡಿದು ನೋಡಿ, ಅಕ್ಷರ ಅಚ್ಚಿನ ಎರಡರಷ್ಟು ಕಾಣುತ್ತೆ. ದುಡ್ಡು ಕೊಟ್ಟು ಕೊಳ್ಳುವಾಗ ಮೊದಲು ಮಾದರಿ ಪುಟ ತೆರೆದು ಅಕ್ಷರ ಹಿಗ್ಗಿಸಿ. ಸಾಲು ತಾನಾಗಿ ಮುರಿದು ಕೆಳಗಿಳಿದರೆ ಕೊಳ್ಳಿ. ಇಡೀ ಪುಟ ಹಿಗ್ಗಿದರೆ ಅದೂ ಫೋಟೋನೇ, ಬಿಡಿ.

ಇನ್ನೊಂದು ಮಾತು, ಅಪ್ಪಾವರಿಗೆ ನೆಟ್ಟಗಿರುವ ಸಾಲು ಡೊಂಕಾಗಿ ಕಾಣುತ್ತಾ ಕೇಳಿ. ಹೌದು ಅಂದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಠಾಣೆ: (ಫಾರ್ವರ್ಡ್ ಆಗಿದೆ) ಕಿಂಡಲ್ ಪ್ರೊ ಎಪಿಕೆ ಹಾಕಿಕೊಳ್ಳಿ, ಎಲ್ಲ ಪುಸ್ತಕ ಉಚಿತ! ಎರವಲು ಪುಸ್ತಕ ಶಾಶ್ವತವಾಗಿ ಉಳಿಯಲು ಏರೋಪ್ಲೇನ್ ಮೋಡ್!

ಗ್ರಂಥಪಾಲಕಿ: ಈ ಎಪಿಕೆ (ಪ್ಲೇ ಸ್ಟೋರ್ ಹೊರಗಿಂದ ಹಾಕುವ ಆ್ಯಪ್ ಕಡತ) ಯಾರೂ ಹಾಕಬೇಡಿ. ಅದು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತೆ. ಓದುವ ಆ್ಯಪ್‌ಗೆ ಎಸ್‌ಎಂಎಸ್ ಅನುಮತಿ ಯಾಕೆ ಬೇಕು? ಒಟಿಪಿ ಓದೋಕೆ. ಏರೋಪ್ಲೇನ್ ಮೋಡ್ ತೆಗೆದ ಕೂಡಲೇ ಅವಧಿ ಮುಗಿದ ಪುಸ್ತಕ ಹೋಗುತ್ತೆ. ಅಡೋಬಿ ಬೀಗದ (ನಕಲು ತಡೆಯುವ ವ್ಯವಸ್ಥೆಯ) ಕಡತದಲ್ಲಂತೂ ತಾರೀಖು ಒಳಗೇ ಇರುತ್ತೆ, ನೆಟ್ ಇಲ್ಲದಿದ್ದರೂ ಮುಚ್ಚಿಕೊಳ್ಳುತ್ತೆ. ಫಾರ್ವರ್ಡ್ ಮಾಡುವ ಮೊದಲು ಓದಿ ನೋಡಿ.

ವಾಶಿ: ಟೆಲಿಗ್ರಾಂನಲ್ಲಿ ಕನ್ನಡ ಪಿಡಿಎಫ್ ಸಾವಿರಗಟ್ಟಲೆ ಇದೆ. ಊರು ಬಿಟ್ಟು ಬಂದವರಿಗೆ ಅದೇ ಕನ್ನಡ ಸೇವೆ.

ಮಾಟುಂಗಾ: ಸೇವೆ ಅಲ್ಲ ಮಾರಾಯ್ರೆ, ಕಳ್ಳತನ. ಲೇಖಕರ ಹೊಟ್ಟೆ ಮೇಲೆ ಹೊಡೆಯೋದು.

ವಾಶಿ: ಅಂಗಡಿಯಲ್ಲಿ ಸಿಗದ ಪುಸ್ತಕಕ್ಕೆ ಯಾರ ಹೊಟ್ಟೆ? ನೀವು ಕಳೆದ ವರ್ಷ ಎಷ್ಟು ಕೊಂಡಿರಿ ಹೇಳಿ.

ಮಾಟುಂಗಾ: ನನ್ನ ಲೆಕ್ಕ ನಿಮಗೆ ಕೊಡಬೇಕಿಲ್ಲ.

ಗ್ರಂಥಪಾಲಕಿ: ಇಬ್ಬರೂ ನಿಲ್ಲಿಸಿ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಇರುತ್ತೆ. ಕಾದಂಬರಿಕಾರ ಗಳಗನಾಥರು ತೀರಿಕೊಂಡದ್ದು 1942ರಲ್ಲಿ, ಆದ್ದರಿಂದ ಅವರದು ಎಲ್ಲರಿಗೂ ಮುಕ್ತ. ಬೇಂದ್ರೆಯವರದು 1981, ಹಾಗಾಗಿ 2041ರ ಕೊನೆವರೆಗೆ ಹಕ್ಕು ಇದೆ. ಪ್ರತಿ ಮುಗಿದಿದೆ ಅನ್ನೋದರಿಂದ ಹಕ್ಕು ಮುಗಿಯಲ್ಲ. ಮುಕ್ತವಾದವು ಆರ್ಕೈವ್‌ನ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಂಗ್ರಹದಲ್ಲಿ ಸಾಕಷ್ಟಿವೆ. ನಿಘಂಟಿಗೆ ಸರ್ಕಾರದ ಭಾರತವಾಣಿ ಜಾಲತಾಣ ಇದೆ.

ಠಾಣೆ: ಆರ್ಕೈವ್‌ನಲ್ಲಿ ಎರವಲು ಪಡೆಯುತ್ತಿದ್ದ ಇಂಗ್ಲಿಷ್ ಪುಸ್ತಕ ಕಾಣಿಸ್ತಿಲ್ಲ.

ಗ್ರಂಥಪಾಲಕಿ: ಅಮೆರಿಕದ ಪ್ರಕಾಶಕರ ಮೊಕದ್ದಮೆಯಿಂದ 5 ಲಕ್ಷಕ್ಕೂ ಹೆಚ್ಚು ಪುಸ್ತಕ ಎರವಲಿನಿಂದ ಹೊರಗಾದವು. 2024ರಲ್ಲಿ ಮೇಲ್ಮನವಿಯಲ್ಲೂ ಆರ್ಕೈವ್ ಸೋತಿತು.

ಡೊಂಬಿವಲಿ: ಕೊಂಡ ಇ-ಪುಸ್ತಕವಾದರೂ ನನ್ನದೇ ತಾನೆ?

ಗ್ರಂಥಪಾಲಕಿ: ನಿಮ್ಮ ಕೈಗೆ ಬರುವುದು ಓದುವ ಪರವಾನಗಿ. 2009ರಲ್ಲಿ ಅಮೆಜಾನ್ ಮಾರಿದ ಪುಸ್ತಕವನ್ನೇ ಓದುಗರ ಯಂತ್ರಗಳಿಂದ ಅಳಿಸಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ಕೊಂಡವೂ ಹೋದವು. ಎರಡು ಸಲವೂ ದುಡ್ಡು ವಾಪಸ್ ಬಂತು. 2025ರ ಫೆಬ್ರುವರಿಯಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಲ್ಲಿ ಸಾಗಿಸುವ ದಾರಿಯೂ ಮುಚ್ಚಿದೆ. ಮಕ್ಕಳಿಗೆ ಉಳಿಯಬೇಕಾದದ್ದನ್ನು ಅಚ್ಚಿನಲ್ಲೇ ಕೊಳ್ಳಿ, ಅದಕ್ಕೆ ಜಿಎಸ್‌ಟಿಯೂ ಇಲ್ಲ.

ವಾಶಿ: ಒಂದು ಬಿಎಚ್‌ಕೆಯಲ್ಲಿ ಕಪಾಟು ಎಲ್ಲಿಡೋದು?

ಮಾಟುಂಗಾ: ಟೆಲಿಗ್ರಾಂನಲ್ಲಿಡಿ.

ಮಡಗಾಂವ್: ನನ್ನ ಪ್ರಶ್ನೆ ಯಾರಾದರೂ ನೋಡಿದಿರಾ?

ವಾಸ್ಕೊ: ಕಿಂಡಲ್‌ನಲ್ಲಿ ಕನ್ನಡ ಬರುತ್ತಾ?

ಗ್ರಂಥಪಾಲಕಿ: ಮೇಲಿಂದ ಓದಿ. ಇನ್ನು ಇದಕ್ಕೆ ಉತ್ತರ ಬರೆಯಲ್ಲ.

ಕೊಥ್ರೂಡ್: ಮೇಡಂ, ಒತ್ತಕ್ಷರ ಜಾರ್ಯಾವ. ಅಂಚು ಅಷ್ಟ ಕತ್ತರಿಸಿದ್ವಿ. ಒಂದು ಪುಟ ಛಲೋ ಬಂದದ, ಮುಂದಿನದರಾಗ ಸಾಲಿನ ಮೊದಲ ಅಕ್ಷರ ಹೋಗ್ಯಾವ.

ಗ್ರಂಥಪಾಲಕಿ: ಸರಿ ದಾರಿಯಲ್ಲೇ ಇದ್ದೀರಿ. ಹೊಲಿಗೆಯ ಕಡೆ ಅಂಚು ಎಡಪುಟಕ್ಕೆ ಬಲದಲ್ಲಿ, ಬಲಪುಟಕ್ಕೆ ಎಡದಲ್ಲಿ ಬರುತ್ತೆ, ಒಂದೇ ಅಳತೆ ಎರಡಕ್ಕೂ ಕೂಡಲ್ಲ. ಬ್ರಿಸ್ ಅನ್ನೋ ತಂತ್ರಾಂಶದಲ್ಲಿ ತೆರೆದರೆ ಬೆಸ ಪುಟಗಳು, ಸಮ ಪುಟಗಳು ಬೇರೆ ಬೇರೆ ಗುಂಪಾಗಿ ಕಾಣುತ್ತವೆ. ಎರಡಕ್ಕೂ ಬೇರೆ ಚೌಕಟ್ಟು ಎಳೆಯಿರಿ, ಅಕ್ಷರದ ಸುತ್ತ ಸ್ವಲ್ಪ ಜಾಗ ಬಿಡಿ. ಮೂಲ ಪಿಡಿಎಫ್ ಅಳಿಸಬೇಡಿ.