ಹಗಲು ಹೊತ್ತು ಲಾರಿ ಕ್ಯಾಬಿನ್‌ನಲ್ಲಿ ಚೆನ್ನಾಗಿ ನಿದ್ದೆ ಮಾಡೋದು ಹೇಗೆ?

ಪ್ರಶ್ನೆ: ಲಾಂಗ್ ಟ್ರಿಪ್ ಅಂದ್ರೆ ಖುಷಿನೇ, ಆದರೆ ನಿದ್ದೆ ಕೆಟ್ಟರೆ ಎಲ್ಲಾ ಬೇಜಾರು. ಹಗಲಲ್ಲಿ ಮಲಗಿದರೆ ಸೆಕೆ, ಬೆಳಕು. ಫ್ಯಾನ್ ಹಾಕಿದರೆ ಬ್ಯಾಟರಿ ಇಳಿಯುತ್ತೆ. ಏನು ಮಾಡಬಹುದು?

ಉತ್ತರ 1: ಫ್ಯಾನ್ 12 ವೋಲ್ಟಿನದಾ? ನಿಮ್ಮದು 24 ವೋಲ್ಟ್ ಗಾಡಿಯಾದರೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಅಂದ್ರೆ ಒಂದಕ್ಕೊಂದು ಸಾಲಾಗಿ ಜೋಡಿಸಿ ಇರುತ್ತವೆ. ಒಂದರಿಂದಲೇ ವೈರ್ ಎಳೆದರೆ ಅದು ಇಳಿಯುತ್ತೆ, ಇನ್ನೊಂದು ಓವರ್‌ಚಾರ್ಜ್ ಆಗುತ್ತೆ. ಕೊನೆಗೆ ಎರಡೂ ಹಾಳು. 24 ವೋಲ್ಟಿನ ಫ್ಯಾನ್ ತಗೊಳ್ಳಿ, ಇಲ್ಲಾ 24 ವೋಲ್ಟನ್ನು 12ಕ್ಕೆ ಇಳಿಸೋ ಕನ್ವರ್ಟರ್ ಹಾಕಿ; ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. 15 ವ್ಯಾಟಿನ ಫ್ಯಾನ್ 8 ಗಂಟೆ ತಿರುಗಿದರೂ ಖರ್ಚಾಗೋದು 5 ಆಂಪಿಯರ್-ಅವರ್ (ಬ್ಯಾಟರಿ ಚಾರ್ಜಿನ ಅಳತೆ) ಅಷ್ಟೇ. ಅಷ್ಟಕ್ಕೇ ಸೆಲ್ಫ್ ಹೊಡೆಯಲ್ಲ ಅಂದ್ರೆ ತಪ್ಪು ಫ್ಯಾನಿನದಲ್ಲ, ಬ್ಯಾಟರಿ ಚೆಕ್ ಮಾಡಿಸಿ.

ಉತ್ತರ 2: ಮುಂದಿನ ಗಾಜನ್ನು ಹೊರಗಿನಿಂದ ಮುಚ್ಚಿ. ಒಳಗೆ ಪರದೆ ಎಳೆದರೆ ಬೆಳಕು ನಿಲ್ಲುತ್ತೆ, ಬಿಸಿ ಆಗಲೇ ಒಳಗೆ ಬಂದಿರುತ್ತೆ. ಈಗಿನ ನೆರಳು ನೋಡಿ ನಿಲ್ಲಿಸಬೇಡಿ, ಎರಡು ಗಂಟೆ ಬಿಟ್ಟು ಎತ್ತ ಸರಿಯುತ್ತೆ ನೋಡಿ. ಇಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಮಲಗೋದು ಬೇಡವೇ ಬೇಡ. ಸೈಲೆನ್ಸರ್ ಲೀಕ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಒಳಗೆ ಬರಬಹುದು, ಅದಕ್ಕೆ ವಾಸನೆಯೂ ಇರಲ್ಲ.

ಉತ್ತರ 3: ಪೂರ್ತಿ ನಿದ್ದೆಗೆ ಟೈಮ್ ಇಲ್ವಾ? ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ, ಏಳುವ ಹೊತ್ತಿಗೆ ಕಾಫಿ ಕೆಲಸ ಶುರು ಮಾಡಿರುತ್ತೆ. ಎದ್ದವರೇ ಸ್ಟೇರಿಂಗ್ ಹಿಡೀಬೇಡಿ. ಟೈರ್, ಹಗ್ಗ ನೋಡ್ತಾ ಗಾಡಿ ಸುತ್ತ ಎರಡು ಸುತ್ತು ಹಾಕಿ, ಮಂಪರು ಇಳೀಲಿ.